ಬೈಬಲ್, ಜನಗಣತಿ, ಜಮೀನಿನ ಕಡತ: ನೆಬ್ರಾಸ್ಕಾದ ಒಬ್ಬ ರೈತನನ್ನು ಹುಡುಕಿದ ದಾರಿಗಳು

ನನ್ನ ಗಂಡನ ಅಜ್ಜನ ಅಜ್ಜ ನೆಬ್ರಾಸ್ಕಾದ ಗೇಜ್ ಕೌಂಟಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಅವರದೆಂದು ಆ ಮನೆಯಲ್ಲಿ ಉಳಿದದ್ದು ಎರಡೇ: ಚರ್ಮದ ರಟ್ಟಿನ ಒಂದು ಬೈಬಲ್, ಮತ್ತು ನನ್ನ ಮಾವ ಪ್ರತಿ ಹಬ್ಬದೂಟದಲ್ಲೂ ಹೇಳುವ ಒಂದು ಮಾತು. '1874ರಲ್ಲಿ ಮಿಡತೆ ಬಂದು ಅಕ್ಕಪಕ್ಕದವರೆಲ್ಲ ಗಂಟುಮೂಟೆ ಕಟ್ಟಿದಾಗಲೂ ನಮ್ಮವರು ನೆಲ ಬಿಟ್ಟು ಕದಲಲಿಲ್ಲ.' ಒಂದು ಚಳಿಗಾಲವಿಡೀ ಕುಳಿತು ಈ ಹಿರಿಯರನ್ನು ಹುಡುಕಿದೆ. ಯಾವ ದಾರಿ ಎಷ್ಟು ದೂರ ಒಯ್ದಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಬೈಬಲ್ ಮೊದಲು. ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವಿನ ಹಾಳೆಗಳಲ್ಲಿ ಮದುವೆ, ಹುಟ್ಟು, ಸಾವು ಎಲ್ಲ ಬರೆದಿದ್ದರು. ಕಣ್ಣಿಗೊತ್ತಿಕೊಳ್ಳುವಂತಿತ್ತು. ಆದರೆ ಮೊದಲ ಪುಟ ತಿರುವಿದರೆ ಪುಸ್ತಕ ಅಚ್ಚಾದದ್ದು 1881ರಲ್ಲಿ. 1869ರ ಮಗುವಿನಿಂದ 1879ರ ಮಗುವಿನವರೆಗೆ ಎಲ್ಲವೂ ಒಂದೇ ಶಾಯಿ, ಒಂದೇ ಕೈ. ಅಂದರೆ ಯಾರೋ ಒಂದು ಸಂಜೆ ಕುಳಿತು ನೆನಪಿನಿಂದ ಬರೆದದ್ದು. ದಿನಾಂಕಗಳಿವೆ, ಊರಿನ ಹೆಸರು ಒಂದಕ್ಕೂ ಇಲ್ಲ. ಜನನ ಪ್ರಮಾಣಪತ್ರ ಹುಡುಕಲು ಹೊರಟು ನಾಲ್ಕು ದಿನ ಕಳೆದೆ. ನೆಬ್ರಾಸ್ಕಾ ರಾಜ್ಯ ಜನನ ನೋಂದಣಿ ಶುರುಮಾಡಿದ್ದೇ 1904ರಲ್ಲಿ.

ಜನಗಣತಿಗೆ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣ ಸಾಕು. ಖಾತೆ ತೆರೆಯಬೇಕು ಅಷ್ಟೇ, ದುಡ್ಡಿಲ್ಲ. 1850ಕ್ಕಿಂತ ಹಿಂದಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ನನಗೆ ಅಷ್ಟು ಹಿಂದೆ ಹೋಗುವ ಅಗತ್ಯ ಬೀಳಲಿಲ್ಲ. 1870ರಲ್ಲಿ ಈತ ವಿಸ್ಕಾನ್ಸಿನ್‌ನಲ್ಲಿ ಕೂಲಿಯಾಳು, ವಯಸ್ಸು 27. 1880ರಲ್ಲಿ ನೆಬ್ರಾಸ್ಕಾದ ರೈತ, ವಯಸ್ಸು 38. ಒಂದು ವರ್ಷ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಬಾಗಿಲು ತೆರೆದವರು ಹೇಳಿದ್ದನ್ನು ಗಣತಿದಾರ ಬರೆದುಕೊಂಡಿದ್ದಾನೆ. 1890ರದ್ದು ಬಹುಪಾಲು ಇಲ್ಲವೇ ಇಲ್ಲ: 1921ರಲ್ಲಿ ವಾಷಿಂಗ್ಟನ್ನಿನ ಕಟ್ಟಡಕ್ಕೆ ಬೆಂಕಿ ಬಿತ್ತು, ಅಳಿದುಳಿದದ್ದನ್ನು ಸರ್ಕಾರವೇ ನಾಶಮಾಡಿತು. ಒಬ್ಬ ರೈತನ ನಡುವಯಸ್ಸು ಪೂರ್ತಿ ಆ ಇಪ್ಪತ್ತು ವರ್ಷದ ಕಂದಕದಲ್ಲಿ ಬಿದ್ದುಹೋಗುತ್ತದೆ. 1880ರ ಹಾಳೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಎರಡನೆಯ ಮತ್ತು ನಾಲ್ಕನೆಯ ಮಕ್ಕಳು ನೆಬ್ರಾಸ್ಕಾದಲ್ಲಿ ಹುಟ್ಟಿದವರು, ನಡುವಿನ ಐದು ವರ್ಷದ ಹುಡುಗಿ ಮಾತ್ರ ವಿಸ್ಕಾನ್ಸಿನ್‌ನಲ್ಲಿ. ಗಣತಿದಾರನ ಕೈತಪ್ಪು ಎಂದುಕೊಂಡು ಮುಂದೆ ಹೋದೆ.

ಅದೇ ವರ್ಷದ ಕೃಷಿ ಗಣತಿಯ ಬಗ್ಗೆ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹಣ ಕೊಡದೆ ನೋಡಿದೆ. ಎಷ್ಟು ಎಕರೆ ಉಳುಮೆ, ಎಷ್ಟು ಹಂದಿ, ಮೆಕ್ಕೆಜೋಳ ಎಷ್ಟು, ಜಮೀನು ಸ್ವಂತದ್ದೋ ಪಾಲಿಗೆ ಮಾಡಿದ್ದೋ, ಎಲ್ಲಕ್ಕೂ ಒಂದೊಂದು ಕಲಂ. ಬೆಣ್ಣೆ 150 ಪೌಂಡು ಎಂದಿತ್ತು. ಕಡೆದವಳು ಹೆಂಡತಿ, ಹೆಸರು ಗಂಡನದು! ಬದುಕಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ, ವಂಶಾವಳಿಗೆ ಇದರಿಂದ ಉಪಯೋಗವೂ ಇಲ್ಲ.

ಅಂತರ್ಜಾಲದಲ್ಲಿ ಯಾರು ಯಾರೋ ಹಾಕಿರುವ ವಂಶವೃಕ್ಷಗಳ ಬಗ್ಗೆ ಒಂದೇ ಮಾತು. ಒಂದು ತಾಣದಲ್ಲಿ ನಮ್ಮವರಿಗೆ ಪೆನ್ಸಿಲ್ವೇನಿಯಾದ ಬೇರೊಬ್ಬಳೊಂದಿಗೆ ಮದುವೆ ಮಾಡಿಸಿ, ಹನ್ನೊಂದು ಮಕ್ಕಳನ್ನೂ ಕೊಟ್ಟಿದ್ದರು. ಅದನ್ನೇ ಇನ್ನೂ ಆರು ಮಂದಿ ನಕಲು ಮಾಡಿಕೊಂಡಿದ್ದರು.

ಕೊನೆಗೆ ಜಮೀನು. ನಮ್ಮಪ್ಪ ಪಹಣಿ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಅಲೆದದ್ದನ್ನು ನೋಡಿ ಬೆಳೆದವಳು ನಾನು. ಇಲ್ಲಿಂದಲೇ ಶುರುಮಾಡಬೇಕೆಂಬ ಬುದ್ಧಿ ಮೊದಲೇ ಬರಬೇಕಿತ್ತು. ಅಮೆರಿಕದ ಭೂನಿರ್ವಹಣಾ ಇಲಾಖೆಯ ತಾಣದಲ್ಲಿ ಹಳೆಯ ಹಕ್ಕುಪತ್ರಗಳ ಚಿತ್ರಗಳು ಉಚಿತ. ಹೆಸರು, ಕೌಂಟಿ ಕೊಟ್ಟೆ. ಸೆಕ್ಷನ್, ಟೌನ್‌ಶಿಪ್, ರೇಂಜ್ (ನಮ್ಮ ಸರ್ವೆ ನಂಬರಿನ ಹಾಗೆ ಜಮೀನಿನ ಜಾಗ ಗುರುತಿಸುವ ಸಂಖ್ಯೆಗಳು) ಸಮೇತ 160 ಎಕರೆ ತೆರೆದುಕೊಂಡಿತು. ಆದರೆ ಹಕ್ಕುಪತ್ರ ಬರೀ ಬೀಗದ ಕೈ. ಅದರಲ್ಲಿರುವ ಸಂಖ್ಯೆ ಹಿಡಿದು ಅರ್ಜಿಯ ಪೂರ್ತಿ ಕಡತ ತೆಗೆಸಬೇಕು. ನೆಬ್ರಾಸ್ಕಾದ ಹೋಮ್‌ಸ್ಟೆಡ್ (ಸರ್ಕಾರ ರೈತರಿಗೆ ಹಂಚಿದ ನೆಲ) ಕಡತಗಳನ್ನು ಸ್ಕ್ಯಾನ್ ಮಾಡಿದ್ದಾರೆ. ಬೇರೆ ಹಲವು ರಾಜ್ಯಗಳದ್ದಾದರೆ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಬರೆದು, ಹಣ ಕಟ್ಟಿ ತರಿಸಬೇಕು.

1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ವಾಸವಿದ್ದು ಉತ್ತರೆ ನೆಲ ನಿಮ್ಮದಾಗುತ್ತಿತ್ತು. ಸಾಕ್ಷಿಗೆ ಇಬ್ಬರು ನೆರೆಯವರು ಬೇಕಿತ್ತು, ನಮ್ಮ ಮಹಜರಿನ ಹಾಗೆ. (ಓಟೋ-ಮಿಸೂರಿಯಾ ಎಂಬ ಮೂಲನಿವಾಸಿ ಜನರು 1854ರ ಒಪ್ಪಂದದಲ್ಲಿ ಬಿಟ್ಟುಕೊಟ್ಟ ಸೀಮೆ ಇದು; ಕಡತದಲ್ಲಿ ಆ ಸುದ್ದಿಯೇ ಇಲ್ಲ.) ಪಂಚರ ಹೇಳಿಕೆ ಓದುತ್ತಿದ್ದರೆ ಆ ಅಂಗಳದಲ್ಲಿ ನಿಂತ ಹಾಗಾಯಿತು: ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳಿಂದ ಕಟ್ಟಿದ 14 ಅಡಿ ಅಗಲ, 18 ಅಡಿ ಉದ್ದದ ಮನೆ, ಒಂದು ಬಾವಿ, ಒಂದು ಕೊಟ್ಟಿಗೆ, ಉತ್ತದ್ದು 38 ಎಕರೆ. ಅದರ ಕೆಳಗೆ ಇನ್ನೊಂದು ಹೇಳಿಕೆ: ಮಿಡತೆಯಿಂದ ಬೆಳೆ ಹೋದದ್ದರಿಂದ 1874ರ ನವೆಂಬರಿನಿಂದ ಮರು ಜೂನ್ ಕೊನೆಯವರೆಗೆ ಸಂಸಾರ ಸಮೇತ ಊರಿನಲ್ಲಿರಲಿಲ್ಲ. ಆರು ತಿಂಗಳಿಗಿಂತ ಹೆಚ್ಚು ಜಮೀನು ಬಿಟ್ಟರೆ ಹಕ್ಕು ಹೋಗುತ್ತಿತ್ತು. ಮಿಡತೆಯಿಂದ ನೊಂದವರಿಗೆ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ವಿಶೇಷ ರಿಯಾಯಿತಿ ಕೊಟ್ಟಿತ್ತು, ಅದಕ್ಕೇ ಈ ಕಾಗದ.

ಐದು ವರ್ಷದ ಹುಡುಗಿ ಆಗ ನೆನಪಾದಳು. ಬೈಬಲ್ ತೆಗೆದು ನೋಡಿದೆ: ಜನನ, ಫೆಬ್ರವರಿ 1875. ಗಣತಿದಾರ ಸರಿಯಾಗಿಯೇ ಬರೆದಿದ್ದ. ಮಾವನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎರಡು ಸಲ ಓದಿದರು. ಈ ಸಲದ ಹಬ್ಬದೂಟದಲ್ಲಿ ಆ ಮಾತು ಬರಲಿಲ್ಲ.

ನಿಮ್ಮ ಹಿರಿಯರು ನೆಬ್ರಾಸ್ಕಾ, ಕಾನ್ಸಸ್, ಮಿನೆಸೋಟದಂಥ ಕಡೆಯವರಾಗಿದ್ದರೆ ಮೊದಲು ಜಮೀನಿನ ಕಡತ ತೆಗೆಸಿ, ಗಣತಿಯನ್ನು ಆಮೇಲೆ ಅದರ ಪಕ್ಕದಲ್ಲಿಟ್ಟು ಓದಿ. ಪೆನ್ಸಿಲ್ವೇನಿಯಾ, ವರ್ಜೀನಿಯಾ, ಟೆಕ್ಸಾಸ್ ಆಗಿದ್ದರೆ ಈ ದಾರಿ ಇಲ್ಲ. ಅಲ್ಲಿ ನೆಲ ಹಂಚಿದ್ದು ಕೇಂದ್ರ ಸರ್ಕಾರವಲ್ಲ, ರಾಜ್ಯದ ಭೂ ದಾಖಲೆಗಳನ್ನೂ ಕೌಂಟಿ ಕಚೇರಿಯ ಕ್ರಯಪತ್ರಗಳನ್ನೂ ಜಾಲಾಡಬೇಕು.

ನಾನೀಗ ವಿಸ್ಕಾನ್ಸಿನ್ ರಾಜ್ಯ 1875ರ ಜೂನ್ ಒಂದಕ್ಕೆ ಮಾಡಿಸಿದ ಗಣತಿಯನ್ನು ತಿರುವುತ್ತಿದ್ದೇನೆ. ಅದರಲ್ಲೂ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ. ಆ ರೈತನ ಹೆಂಡತಿಯ ತಂದೆಯ ಹೆಸರಿನ ಮುಂದೆ ಗಂಡಸರು ಐವರು, ಹೆಂಗಸರು ಐವರು. 1870ರ ಗಣತಿಯಲ್ಲಿ ಆ ಮನೆಯಲ್ಲಿದ್ದವರು ಒಟ್ಟು ಐದೇ ಜನ.