ಎರಡು ಗಾಜಿನ ನಡುವೆ ಆಲದೆಲೆಯ ಕೃಷ್ಣ

ತಂಗಿಯ ಮಗುವಿನ ನಾಮಕರಣಕ್ಕೆ ಬೆಳ್ಳಿ ಲೋಟ ಕೊಡುವ ವಾಡಿಕೆಯನ್ನು ಬಿಟ್ಟು, ಈ ಬಾರಿ ಮೈಸೂರಿನ ಕರಕುಶಲ ಮಳಿಗೆಯೊಂದರಿಂದ ಕೈಯಲ್ಲಿ ಬರೆದ ಗಾಜಿನ ಚಿತ್ರವನ್ನು ತಂದೆ. ಪ್ರಳಯದ ನೀರಿನಲ್ಲಿ ತೇಲುವ ಆಲದೆಲೆಯ ಮೇಲೆ ಕಾಲ್ಬೆರಳು ಚೀಪುತ್ತ ಮಲಗಿದ ವಟಪತ್ರಶಾಯಿ. ಹಸುಗೂಸಿರುವ ಮನೆಗೆ ಇದಕ್ಕಿಂತ ಒಪ್ಪುವ ವಿಷಯ ನನಗೆ ಹೊಳೆಯಲಿಲ್ಲ.

18ನೆಯ ಶತಮಾನದಲ್ಲಿ ಚೀನಾದೊಂದಿಗಿನ ವ್ಯಾಪಾರದ ಮೂಲಕ ಭಾರತಕ್ಕೆ ಬಂದು ಮೈಸೂರು, ತಂಜಾವೂರುಗಳಲ್ಲಿ ನೆಲೆಯೂರಿದ ಈ ಕಲೆಯಲ್ಲಿ ಗಾಜಿನ ಹಿಂಬದಿಗೆ ಬಣ್ಣ ಹಚ್ಚುವುದರಿಂದ ಕೆಲಸದ ಕ್ರಮವೇ ತಿರುವುಮುರುವು: ಕಣ್ಣಿನ ಗೆರೆ, ಮುತ್ತಿನ ಸರ ಮೊದಲು, ಮೈಬಣ್ಣ ಆಮೇಲೆ, ಹಿನ್ನೆಲೆ ಕೊನೆಗೆ. ಮೈಬಣ್ಣ ಬಿದ್ದ ಮೇಲೆ ಕಣ್ಣನ್ನು ತಿದ್ದುವುದು ಆಗದ ಮಾತು. ನಾನು ಕೊಂಡ ಚಿತ್ರದಲ್ಲಿ ಕೃಷ್ಣನು ಮುಂದಿನ ಗಾಜಿನಲ್ಲಿದ್ದರೆ, ಎಲೆಯೂ ಅಲೆಗಳೂ ಅರ್ಧ ಅಂಗುಲ ಹಿಂದಿರುವ ಇನ್ನೊಂದು ಗಾಜಿನಲ್ಲಿವೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಮಗುವಿನ ನೆರಳು ಎಲೆಯ ಮೇಲೆ ಮೂಡುತ್ತದೆ. ನೋಡುವವರು ಪಕ್ಕಕ್ಕೆ ಸರಿದರೆ ಎಲೆಯೇ ತುಸು ತೇಲಿದಂತೆ ಕಾಣುತ್ತದೆ. ಅಚ್ಚು ಹಾಕಿದ ಪಟದಲ್ಲಿ ಈ ಆಟ ಸಿಗದು.

ಚಿತ್ರಕ್ಕೆ ತೋರಿದ ಶ್ರದ್ಧೆಯನ್ನು ಚೌಕಟ್ಟಿಗೆ ತೋರಿಲ್ಲ ಎಂಬುದೇ ನನ್ನ ತಕರಾರು. ಕೆಳಗಿನ ಮೂಲೆಯೊಂದರ ಜೋಡಣೆ ಬಾಯಿಬಿಟ್ಟಿತ್ತು. ಎರಡು ಗಾಜುಗಳ ನಡುವೆ ಧೂಳು ಸೇರಿದರೆ ಒರೆಸಲು ಕೈಯೇ ಹೋಗದು. ಬೇರೆ ಬಡಗಿಯಿಂದ ಸರಿಪಡಿಸಿಯೇ ಉಡುಗೊರೆ ಕೊಟ್ಟೆ. ಕೊಳ್ಳುವವರು ಹಿಂಬದಿಯನ್ನು ತಿರುಗಿಸಿ ನೋಡಬೇಕು, ಗೋಡೆಗೆ ಒಂದರ ಬದಲು ಎರಡು ಮೊಳೆ ಹೊಡೆಯಬೇಕು, ಏಕೆಂದರೆ ಜೋಡಿ ಗಾಜಿನ ತೂಕ ಸಣ್ಣದಲ್ಲ. ತಂಗಿ ಅದನ್ನು ದೇವರ ಮನೆಯಲ್ಲಿಡದೆ ತೊಟ್ಟಿಲ ಎದುರಿನ ಗೋಡೆಗೆ ಹಾಕಿದ್ದಾಳೆ.