ನಲವತ್ತೆಂಟು ಹೇಳಿಕೆ, ಐದು ಹೇಳಿಕೆ, ಒಂದು ನೋಟ್‌ಬುಕ್

ಬೋರ್ಡಿನ ಮೇಲೆ 'ಸ್ಟೂಡೆಂಟ್ ಏಜೆನ್ಸಿ' ಅಂತ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಗ್ಯಾಸ್ ಏಜೆನ್ಸಿ ಇದ್ದಂಗಾ ಮೇಡಂ?" ನಕ್ಕು ಸುಮ್ಮನಾದೆ. ಆದರೆ ಆ ಹುಡುಗನ ತಪ್ಪೇನೂ ಇಲ್ಲ. 'ಕರ್ತೃತ್ವ' ಎಂದರೆ ವ್ಯಾಕರಣದ ವಾಸನೆ, 'ಸ್ವಾಯತ್ತತೆ' ಎಂದರೆ ಕಾಲೇಜಿನ ಬೋರ್ಡು ನೆನಪಾಗುತ್ತದೆ. ಕೊನೆಗೆ ನಾನು ಹೇಳಿದ್ದು ಇಷ್ಟೆ: ನಿಮ್ಮ ಓದಿನ ಲಗಾಮು ಎಷ್ಟರಮಟ್ಟಿಗೆ ನಿಮ್ಮ ಕೈಲಿದೆ ಅನ್ನೋದು.

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಬಿ.ಎ. ಎರಡನೇ ವರ್ಷದಲ್ಲಿ 52 ಮಕ್ಕಳು, ಅರ್ಧಕ್ಕರ್ಧ ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಈ ಲಗಾಮನ್ನು ಅಳೆಯಲು ಒಂದು ಸೆಮಿಸ್ಟರ್ ಪೂರ್ತಿ ಮೂರು ದಾರಿ ಹಿಡಿದು ನೋಡಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಎಂಎಸ್‌ಎಲ್‌ಕ್ಯೂ ಕೂಡ ಕೈಗೆತ್ತಿಕೊಂಡಿದ್ದೆ. ಓದುವ ಹುರುಪು, ಓದುವ ರೀತಿ ಅಳೆಯುವ ಪ್ರಶ್ನಾವಳಿ ಅದು, ಪ್ರತಿ ಹೇಳಿಕೆ ತನಗೆ ಎಷ್ಟು ಹೊಂದುತ್ತೆ ಅಂತ ಗುರುತು ಹಾಕಬೇಕು. 81 ಹೇಳಿಕೆ ನೋಡಿ ಅಲ್ಲಿಗೇ ಮಡಚಿಟ್ಟೆ.

ಮೊದಲನೆಯದು ಫಿನ್‌ಲೆಂಡಿನದು. ಯುವಾಸ್ಕುಲಾ ವಿಶ್ವವಿದ್ಯಾಲಯದ ಪೈವಿಕ್ಕಿ ಯಾಸ್ಕೆಲಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ, ವಿಶ್ವವಿದ್ಯಾಲಯದ ಮಕ್ಕಳ ಏಜೆನ್ಸಿ ಅಳೆಯುವ ಎಯುಎಸ್ ಮಾಪಕ. ಆಮೇಲೆ ತಿದ್ದಿ ರೂಪಿಸಿದ ಆವೃತ್ತಿಯಲ್ಲಿ 48 ಹೇಳಿಕೆಗಳಿವೆ. ಯಾವುದಾದರೂ ಒಂದು ಕೋರ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ತುಂಬಬೇಕು. ಇದರಲ್ಲಿ ನನಗೆ ಹಿಡಿಸಿದ್ದು, ತಪ್ಪನ್ನೆಲ್ಲ ಮಕ್ಕಳ ತಲೆಗೆ ಕಟ್ಟುವುದಿಲ್ಲ. ಆಸಕ್ತಿ ಇದೆಯಾ, ತನ್ನಿಂದ ಆಗುತ್ತೆ ಅನ್ನೋ ಧೈರ್ಯ ಇದೆಯಾ ಎಂದು ಕೇಳುವ ಹಾಗೆಯೇ ಮೇಷ್ಟ್ರು ಬೆಂಬಲ ಕೊಟ್ಟರಾ, ಎಲ್ಲರನ್ನೂ ಒಂದೇ ಸಮ ನೋಡಿದರಾ, ಆಯ್ಕೆಗೆ ಜಾಗ ಇತ್ತಾ ಎಂದೂ ಕೇಳುತ್ತದೆ.

ತುಂಬಿಸಲು ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಮೂವತ್ತನೆಯ ಹೇಳಿಕೆ ದಾಟುತ್ತಲೇ ಹಿಂದಿನ ಸಾಲಿನವರ ಟಿಕ್ಕುಗಳು ಸ್ಕೇಲ್ ಇಟ್ಟು ಎಳೆದಂತೆ ನೇರ ಕೆಳಗಿಳಿದವು. ಮೇಷ್ಟ್ರ ಬಗೆಗಿನ ಸಾಲುಗಳಲ್ಲಿ ನನಗೆ ಸಿಕ್ಕಿದ್ದು ಪೂರ್ತಿ ಅಂಕ. ಸಿಗದೆ ಇನ್ನೇನು, ನಾನು ಅಲ್ಲೇ ನಿಂತಿದ್ದೆನಲ್ಲ! ಎರಡು ವಾರ ಬಿಟ್ಟು ಆ ಸಾಲುಗಳನ್ನೂ ಆಯ್ಕೆಯ ಸಾಲುಗಳನ್ನೂ ಸಿಆರ್ (ತರಗತಿ ಪ್ರತಿನಿಧಿ) ಕೈಲಿ ಕೊಟ್ಟು, ಹೆಸರು ಬರೆಯಬೇಡಿ ಅಂತ ಹೇಳಿ ಹೊರಗೆ ಹೋದೆ. ಅಂಕ ಇಳಿಯಿತು. ಚುರುಕ್ಕೆಂದಿದ್ದು ನಿಜ, ಆದರೆ ಮೊದಲ ಸಲ ಅಳೆದದ್ದು ಮರ್ಯಾದೆಯನ್ನು ಅಂತ ಆಗ ಗೊತ್ತಾಯಿತು. ಆಯ್ಕೆಯ ಸಾಲುಗಳಲ್ಲಿ ಮಾತ್ರ ಎರಡೂ ಸಲ ಕಡಿಮೆಯೇ. ಅದರಲ್ಲಿ ಸುಳ್ಳಿಲ್ಲ: ಸಿಲಬಸ್ಸು ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದಿಂದ ಬರುತ್ತೆ, ಪ್ರಶ್ನೆಪತ್ರಿಕೆಯೂ ಅಲ್ಲಿಂದಲೇ. ನನ್ನ ಕೈಲಿರುವುದು ಇಂಟರ್ನಲ್ಸ್ ಒಂದೇ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಜೊತೆ ಓಪನ್ ಎಲೆಕ್ಟಿವ್, ಅಂದರೆ ಮಕ್ಕಳೇ ಆರಿಸಿಕೊಳ್ಳುವ ವಿಷಯ, ಬಂದಾಗ ಯಾಕೆ ಇದನ್ನೇ ತಗೊಂಡೆ ಎಂದು ಆಗಿನ ಮಕ್ಕಳನ್ನು ಕೇಳಿದರೆ "ಫ್ರೆಂಡ್ಸೆಲ್ಲ ಅದಕ್ಕೇ ಸೇರಿದ್ರು" ಅಂತ ಉತ್ತರ. ಆಯ್ಕೆ ಕೊಟ್ಟ ಮಾತ್ರಕ್ಕೆ ಲಗಾಮು ಕೈಗೆ ಬಂತು ಎನ್ನಲಾಗದು.

ಎರಡನೆಯದು ಶಿಕ್ಷಣ ಮನೋವಿಜ್ಞಾನಿ ಜಾನ್‌ಮಾರ್ಷಲ್ ರೀವ್ ಅವರ ಪುಟ್ಟ ಮಾಪಕ, 2013ರದು. ಐದೇ ಹೇಳಿಕೆ, ಒಂದರಿಂದ ಏಳರವರೆಗೆ ಅಂಕ. ನನಗೆ ಏನು ಬೇಕು ಅಂತ ಮೇಷ್ಟ್ರಿಗೆ ತಿಳಿಸುತ್ತೇನೆ, ನನ್ನ ಅಭಿಪ್ರಾಯ ಹೇಳುತ್ತೇನೆ, ಈ ಥರದವು. ಹಾಜರಿ ಕೂಗುವಷ್ಟರಲ್ಲಿ ಮುಗಿಯುತ್ತದೆ. ಎಡವಿದ್ದು ಕೊನೆಯದರಲ್ಲಿ. ಮೂಲದ ಅರ್ಥ: ಕಲಿಯುತ್ತಿರುವುದನ್ನು ನನಗೆ ಹೆಚ್ಚು ದಕ್ಕುವ ಹಾಗೆ ಬದಲಾಯಿಸಿಕೊಳ್ಳುತ್ತೇನೆ. ನಾನು ಜಾಣತನ ತೋರಿಸಲು ಹೋಗಿ "ಪಾಠವನ್ನು ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ" ಅಂತ ಬರೆದೆ. ಬಹುಪಾಲು ಜನ ಏಳು ಹಾಕಿದರು. ಖುಷಿಯಿಂದ ಒಬ್ಬನನ್ನು ಕೇಳಿದರೆ, "ಹೂಂ ಮೇಡಂ, ಅರ್ಥ ಆಗ್ಲಿಲ್ಲಂದ್ರೂ ಹೆಂಗೋ ಅಡ್ಜಸ್ಟ್ ಮಾಡ್ಕೊಂಡು ಕೂರ್ತೀವಿ" ಅಂದ. ನಮ್ಮಲ್ಲಿ ಬಸ್ ಸೀಟಿನಿಂದ ಸಂಸಾರದವರೆಗೆ ಅಡ್ಜಸ್ಟ್ ಎಂದರೆ ಸಹಿಸಿಕೊಳ್ಳುವುದು ತಾನೆ. ಅಳೆಯಬೇಕಾದದ್ದರ ಉಲ್ಟಾ ಅಳೆದು ಕೂತಿದ್ದೆ.

ಮೂರನೆಯದಕ್ಕೆ ಮಾಪಕದ ಹೆಸರಿಲ್ಲ. ನೂರು ಪುಟದ ನೋಟ್‌ಬುಕ್, ವಾರಕ್ಕೆ ಅರ್ಧ ಪುಟ: ಈ ವಾರ ನೀನಾಗಿಯೇ ಏನು ನಿರ್ಧಾರ ಮಾಡಿದೆ, ಏನಾಯಿತು? ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 2001ರ ಲೇಖನದಲ್ಲಿ ಹೇಳುವ ನಾಲ್ಕು ಗುಣಗಳು, ಅಂದರೆ ಸಂಕಲ್ಪ, ಮುಂದಾಲೋಚನೆ, ತನ್ನನ್ನು ತಾನು ನಡೆಸಿಕೊಳ್ಳುವುದು, ಮಾಡಿದ್ದರ ಬಗ್ಗೆ ತಿರುಗಿ ಯೋಚಿಸುವುದು, ಇವು ಬಿಡಿಬಿಡಿಯಾಗಿ ಕಾಣಿಸಿದ್ದು ಇಲ್ಲೇ. ಮೊದಲ ಮೂರು ವಾರ ಮಾತ್ರ ಬರೀ "ಲೈಬ್ರರಿಗೆ ಹೋದೆ".

ನಾಲ್ಕನೆಯ ವಾರ ಜಗಳೂರಿನ ಕಡೆಯ ಹುಡುಗಿಯೊಬ್ಬಳ ಪುಟ. ಕ್ಲಾಸಿನಲ್ಲಿ ಬಾಯೇ ಬಿಡದವಳು, ಐದು ಹೇಳಿಕೆಯಲ್ಲಿ ನಾಲ್ಕಕ್ಕೆ ಒಂದು, ಎರಡು ಹಾಕಿದವಳು. ಬರೆದಿದ್ದಳು: ಸಂಜೆಯ ಪಿರಿಯಡ್ ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತೆ, ಮುಂದಿನದು ಕತ್ತಲಾದ ಮೇಲೆ. ಅದಕ್ಕೇ ಅದೇ ದಾರಿಯ ಆರು ಹುಡುಗಿಯರನ್ನು ಸೇರಿಸಿ, ಬಸ್ಸಿನ ವೇಳೆ ಚೀಟಿಯಲ್ಲಿ ಬರೆದುಕೊಂಡು ಪ್ರಿನ್ಸಿಪಾಲರ ಚೇಂಬರಿಗೆ ಹೋಗಿ ಟೈಮ್‌ಟೇಬಲ್ ಬದಲಾಯಿಸಿ ಬಂದಿದ್ದಳು. ಬದಲಾದದ್ದು ನನ್ನ ಪಿರಿಯಡ್ಡೇ! ಆಫೀಸಿನವರು ಮಾಡಿದ್ದು ಅಂದುಕೊಂಡು ನಾನು ಗೊಣಗಿದ್ದೂ ಆಗಿತ್ತು. ನನ್ನನ್ನೇ ಯಾಕೆ ಕೇಳಲಿಲ್ಲ ಅಂದೆ. "ನಿಮ್ ಹತ್ರ ಕೇಳಾಕ ಹೆದ್ರಿಕಿ ಆತ್ರಿ ಮೇಡಂ." ರೀವ್ ಅವರ ಹೇಳಿಕೆಗಳಲ್ಲಿ ಹೆಚ್ಚಿನವು 'ಮೇಷ್ಟ್ರಿಗೆ ಹೇಳುತ್ತೇನೆ' ಎಂಬುದರ ಸುತ್ತಲೇ ಸುತ್ತುತ್ತವೆ. ಮೇಷ್ಟ್ರನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಿ ಕೆಲಸ ಸಾಧಿಸುವವರು ಅದರ ಬಲೆಗೆ ಬೀಳುವುದಿಲ್ಲ.

ಹಾಗಂತ ನೋಟ್‌ಬುಕ್ಕೇ ಗೆದ್ದಿತು ಎನ್ನಲಾರೆ. ವಾರಕ್ಕೆ 52 ಅರ್ಧಪುಟ ಓದಲು ಭಾನುವಾರದ ಮಧ್ಯಾಹ್ನ ಹೋಗುತ್ತೆ, ಮಂಡಕ್ಕಿ-ಮಿರ್ಚಿ ಪಕ್ಕದಲ್ಲಿಟ್ಟುಕೊಂಡರೂ ಸರಿಯೆ. ಮೇಲಾಗಿ ಚೆನ್ನಾಗಿ ಬರೆಯಬಲ್ಲವರ ಲಗಾಮು ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ. ಒಂದು ಬ್ಯಾಚನ್ನು ಇನ್ನೊಂದರ ಜೊತೆ ಹೋಲಿಸಬೇಕು ಅಂದರೆ ಅಂಕವೇ ಬೇಕು, ಡೈರಿ ಸಾಲದು.

ಈ ಸೆಮಿಸ್ಟರಿನಿಂದ ನನ್ನ ಲೆಕ್ಕ ಹೀಗೆ: 48ರದ್ದು ಕೋರ್ಸಿನ ಕೊನೆಗೆ ಒಂದೇ ಸಲ, ನಾನು ಹೊರಗಿದ್ದಾಗ. ನೋಟ್‌ಬುಕ್ ಹದಿನೈದು ದಿನಕ್ಕೊಮ್ಮೆ. ಐದರದ್ದು ತಿಂಗಳಿಗೊಮ್ಮೆ, ಹೆಸರಿಲ್ಲದ ಚೀಟಿಯಲ್ಲಿ, ಖಾಲಿ ಚಾಕ್‌ಪೀಸ್ ಡಬ್ಬಿಗೆ. ಐದನೆಯದನ್ನು "ಪಾಠ ನನಗೆ ಹೊಂದುವಂತೆ ಬದಲಿಸಿಕೊಳ್ಳುತ್ತೇನೆ" ಎಂದು ತಿದ್ದಿದ್ದೆ. ಮೊದಲ ತಿಂಗಳ ಡಬ್ಬಿಯಲ್ಲಿ ಒಂದು ಚೀಟಿಯ ಮೇಲೆ ಅಂಕವೇ ಇರಲಿಲ್ಲ. "ಹೆಂಗೆ ಬದಲಿಸೋದು, ಒಂದು ಉದಾಹರಣೆ ಕೊಡ್ರಿ" ಅಂತ ಬರೆದಿತ್ತು. ಸೋಮವಾರ ಅದಕ್ಕೇ ಅರ್ಧ ಗಂಟೆ ಇಟ್ಟಿದ್ದೇನೆ.