ತೊಂಬತ್ತು ನಿಮಿಷ ಓಡಬೇಕಾದ ಪಂಪು ಹದಿನೆಂಟು ನಿಮಿಷಕ್ಕೆ ನಿಂತದ್ದು ಯಾಕೆ

ಲಿನಕ್ಸ್ ಕರ್ನಲ್ ಡ್ರೈವರ್ (ಸಾಧನಗಳನ್ನು ನಡೆಸುವ, ಆಪರೇಟಿಂಗ್ ಸಿಸ್ಟಮ್ ಒಳಗಿನ ಕೋಡ್) ಬರೆಯುವವರು ದಯವಿಟ್ಟು ಇದನ್ನು ಓದಿ. ನಾನು ಬರೆದ ಒಂದೇ ಸಾಲು ಕೋಡ್‌ನಿಂದ ಮಾವನ ಅಡಿಕೆ ತೋಟಕ್ಕೆ ಮೂರು ವಾರ ಸರಿಯಾಗಿ ನೀರು ಸಿಗಲಿಲ್ಲ.

ತೋಟ ಇರುವುದು ಕಾಸರಗೋಡಿನ ಪೆರ್ಲದ ಹತ್ತಿರ. ಕೊಳವೆ ಬಾವಿಯ ಪಂಪು ತಾನಾಗಿ ಶುರುವಾಗಿ ತಾನಾಗಿ ನಿಲ್ಲಲಿ ಎಂದು ಒಂದು ಸಣ್ಣ 32 ಬಿಟ್ ಲಿನಕ್ಸ್ ಬೋರ್ಡ್ ಕೂರಿಸಿದ್ದೆ. ಪಂಪಿನ ಸ್ವಿಚ್ ಆಗಿ ಕೆಲಸ ಮಾಡುವ ರಿಲೇಗೆ ಡ್ರೈವರ್ ಕೂಡ ನಾನೇ ಬರೆದೆ. ಎಷ್ಟು ಹೊತ್ತು ಓಡಬೇಕು ಎಂಬುದನ್ನು ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ) ಲೆಕ್ಕದಲ್ಲಿ, ಡ್ರೈವರ್ ಜೊತೆ ಮಾತಾಡಲು ಕರ್ನಲ್ ಕೊಡುವ ಒಂದು ಸಿಸ್‌ಎಫ್‌ಎಸ್ ಫೈಲಿಗೆ ಬರೆದರೆ ಆಯಿತು. ಜನವರಿಯಲ್ಲಿ ಒಂದು ಗಂಟೆ ಇಟ್ಟಿದ್ದೆವು, ಏನೂ ತೊಂದರೆ ಇರಲಿಲ್ಲ. ಮಾರ್ಚ್ ಬಿಸಿಲಿಗೆ ಅದು ಸಾಲದು ಎಂದು ತೊಂಬತ್ತು ನಿಮಿಷ ಮಾಡಿದೆವು.

ಪಂಪು ಓಡುವುದು ರಾತ್ರಿ. ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ. ಎಳೆ ನಳ್ಳಿ ಉದುರತೊಡಗಿದ ಮೇಲೆ ಮಾವ ಫೋನ್ ಮಾಡಿದರು, "ಬುಡದ ಮಣ್ಣು ಒಣಗಿಯೇ ಉಂಟಲ್ಲ ಮಾರಾಯ." ವೋಲ್ಟೇಜ್ ಮೇಲೆ ಅನುಮಾನಪಟ್ಟೆವು, ಕೆಪಾಸಿಟರ್ ಬದಲಿಸಿದೆವು. ಕೊನೆಗೆ ನಾನೇ ಹೋಗಿ ಪಂಪ್ ಶೆಡ್ಡಿನಲ್ಲಿ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. 18 ನಿಮಿಷ 25 ಸೆಕೆಂಡಿಗೆ ನಿಂತಿತು. ಮರುದಿನವೂ ಅಷ್ಟೇ. ವೋಲ್ಟೇಜ್ ತೊಂದರೆಯಾದರೆ ಹೀಗೆ ಸೆಕೆಂಡ್ ಲೆಕ್ಕದಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಫೈಲ್ ಓದಿ ನೋಡಿದೆ. ನಾವು ಬರೆದದ್ದು 5400000000. ಒಳಗೆ ಇದ್ದದ್ದು 1105032704. ಎರಡರ ನಡುವಿನ ವ್ಯತ್ಯಾಸ ಸರಿಯಾಗಿ 4294967296, ಅಂದರೆ ಎರಡರ 32ನೇ ಘಾತ.

ಬರೆದ ಅಕ್ಷರಗಳನ್ನು ಸಂಖ್ಯೆಯಾಗಿ ಬದಲಿಸಲು ನಾನು ಬಳಸಿದ್ದು ಕರ್ನಲ್‌ನ ಹಳೆಯ ಫಂಕ್ಷನ್ ಸಿಂಪಲ್_ಸ್ಟ್ರ್‌ಟೋಯುಎಲ್. ಅಂಕಿ ಜಾಸ್ತಿಯಾದರೆ ಅದು ಎರರ್ ಕೊಡುವುದಿಲ್ಲ, ಮೇಲಿನ ಬಿಟ್‌ಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. "90ಎಬಿಸಿ" ಎಂದು ಕೊಟ್ಟರೂ 90 ಎಂದೇ ಓದುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅನ್‌ಸೈನ್ಡ್ ಲಾಂಗ್ (ಈ ಫಂಕ್ಷನ್ ವಾಪಸ್ ಕೊಡುವ ಸಂಖ್ಯೆಯ ಬಗೆ) 64 ಬಿಟ್, ಬೋರ್ಡ್‌ನಲ್ಲಿ 32. ಪರೀಕ್ಷೆ ಮಾಡಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಒಂದು ಗಂಟೆ ಅಂದರೆ 3600000000, ಅದು 32 ಬಿಟ್‌ನಲ್ಲಿ ಹಿಡಿಯುತ್ತದೆ. ಎಪ್ಪತ್ತೊಂದೂವರೆ ನಿಮಿಷ ದಾಟಿದರೆ ಹಿಡಿಯುವುದಿಲ್ಲ.

ಈ ಹಳೆಯ ಫಂಕ್ಷನ್‌ಗಳನ್ನು ಹೊಸ ಕೋಡ್‌ನಲ್ಲಿ ಬಳಸಬೇಡಿ ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ. ಕೆಸ್ಟ್ರ್‌ಟೋಯುಎಲ್, ಕೆಸ್ಟ್ರ್‌ಟೋಯು64 ಮುಂತಾದ ಬದಲಿ ಫಂಕ್ಷನ್‌ಗಳು 2011ರಿಂದಲೇ ಇವೆ. ಅಂಕಿ ಹಿಡಿಯದಿದ್ದರೆ ಇರೇಂಜ್, ಅಂಕಿಯೇ ಅಲ್ಲದಿದ್ದರೆ ಇಇನ್ವಾಲ್ ಎಂಬ ಎರರ್ ಕೊಡುತ್ತವೆ. ಕೊನೆಯಲ್ಲಿ ಒಂದು ಹೊಸಸಾಲು ಇದ್ದರೆ ಪರವಾಗಿಲ್ಲ. ಆ ಎರರನ್ನು, ಫೈಲಿಗೆ ಬರೆದಾಗ ಓಡುವ ಸ್ಟೋರ್ ಫಂಕ್ಷನ್‌ನಿಂದ ಹಾಗೆಯೇ ವಾಪಸ್ ಕೊಡಿ. ಆಗ ಬರೆಯುವವರಿಗೆ ಅಲ್ಲೇ ತಿಳಿಯುತ್ತದೆ.

ಇಷ್ಟು ಬದಲಿಸಿದ ಮೇಲೂ ಪಂಪು 18 ನಿಮಿಷಕ್ಕೇ ನಿಂತಿತು! ಓದಿದ್ದು 64 ಬಿಟ್ ಆದರೂ ಅದನ್ನು ಇಟ್ಟುಕೊಂಡ ಸ್ಟ್ರಕ್ಟ್ ಫೀಲ್ಡ್ ಇನ್ನೂ ಯು32, ಅಂದರೆ 32 ಬಿಟ್ ಆಗಿತ್ತು. ಕಂಪೈಲರ್ ಒಂದು ಮಾತೂ ಹೇಳಲಿಲ್ಲ. ಆದ್ದರಿಂದ ಅಂಕಿ ಹೋಗುವ ದಾರಿಯ ಪ್ರತಿಯೊಂದು ವೇರಿಯಬಲ್ ನೋಡಿ. ಓದಿದ ಮೇಲೆ ಗುಣಿಸುವುದಿದ್ದರೆ, ಉತ್ತರ ಹಿಡಿಯುತ್ತದೆಯೇ ಎಂದು ನೋಡುವ ಚೆಕ್_ಮಲ್_ಓವರ್‌ಫ್ಲೋ ಬಳಸಿ. ಕೆಸ್ಟ್ರ್‌ಟೋ ಫಂಕ್ಷನ್‌ಗಳಿಗೆ ಬೇಸ್ (ಸಂಖ್ಯೆಯ ಆಧಾರ, ಹತ್ತೋ ಎಂಟೋ ಎಂಬುದು) ಜಾಗದಲ್ಲಿ ಸೊನ್ನೆ ಕೊಟ್ಟಿದ್ದರೆ "010" ಎಂಬುದು ಎಂಟು ಆಗುತ್ತದೆ, ಹತ್ತೇ ಬೇಕಾದರೆ ಹತ್ತು ಎಂದೇ ಕೊಡಿ.

ಈಗ ನಾನು ಬೋರ್ಡ್‌ನಲ್ಲೇ 4294967295 ಮತ್ತು 4294967296 ಎರಡನ್ನೂ ಬರೆದು, ವಾಪಸ್ ಓದಿ ನೋಡಿದ ಮೇಲೆಯೇ ತೋಟಕ್ಕೆ ಕೊಂಡುಹೋಗುವುದು. ನಾಲ್ಕು ಗಂಟೆಗಿಂತ ಹೆಚ್ಚು ಕೇಳಿದರೆ ಡ್ರೈವರ್ ಒಪ್ಪುವುದಿಲ್ಲ. ಆ ಮಿತಿ ಮಾವ ಹೇಳಿದ್ದು, ಅದಕ್ಕಿಂತ ಜಾಸ್ತಿ ಹೊತ್ತು ಓಡಿದರೆ ಅವರ ಕೊಳವೆ ಬಾವಿಯಲ್ಲಿ ನೀರು ಕೆಳಗೆ ಹೋಗುತ್ತದೆ.